ಕ್ಯಾಂಡಲ್ ಸ್ಟ್ಯಾಂಡಿಗೆ ಯಾವ ಪಾಲಿಶ್?

(ಮಡಿಕೇರಿಯಲ್ಲಿ ಮರಗೆಲಸದವರು ಮತ್ತು ಹೋಂಸ್ಟೇ ನಡೆಸುವವರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮರದ ಕ್ಯಾಂಡಲ್ ಸ್ಟ್ಯಾಂಡ್ ಮಾಡುವವರು ಮೊದಲು ಕೇಳುವ ಪ್ರಶ್ನೆ ಒಂದೇ: ಬೆಂಕಿ ಹಿಡಿಯದ ಹಾಗೆ ಯಾವ ಪಾಲಿಶ್ ಹೊಡೆಯಬೇಕು? ಅಂಥ ಪಾಲಿಶ್ ಇಲ್ಲ. ಅರಗಾಗಲಿ, ವಾರ್ನಿಶ್ ಆಗಲಿ, ಪಿಯು (ಪಾಲಿಯುರೆಥೇನ್), ಮೆಲಮೈನ್, ಅಗಸೆ ಎಣ್ಣೆ ಯಾವುದೇ ಆಗಲಿ, ಒಣಗಿ ಗಟ್ಟಿಯಾದ ಮೇಲೂ ಅದು ಉರಿಯುವ ವಸ್ತುವೇ. ಡಬ್ಬದ ಮೇಲೆ ‘ಹೀಟ್ ರೆಸಿಸ್ಟೆಂಟ್’ ಎಂದು ಬರೆದಿದ್ದರೆ, ಬಿಸಿ ಲೋಟ ಇಟ್ಟಾಗ ಬಿಳಿ ಉಂಗುರ ಮೂಡುವುದಿಲ್ಲ ಎಂದಷ್ಟೇ ಅರ್ಥ ಮಾಡಿಕೊಳ್ಳಿ. ಬೆಂಕಿಯನ್ನು ಮರದಿಂದ ದೂರ ಇಡುವುದು ಲೋಹದ ಬಟ್ಟಲಿನ ಕೆಲಸ. ಕರಗಿದ ಮೇಣ ಮರದೊಳಗೆ ಇಳಿಯದಂತೆ ತಡೆಯುವುದು ಪಾಲಿಶಿನ ಕೆಲಸ. ಬಟ್ಟಲು ಮಾಡಬೇಕಾದ ಕೆಲಸವನ್ನು ಪಾಲಿಶಿಗೆ ವಹಿಸಿದಾಗಲೇ ಮರ ಸುಡುವುದು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಕೊಡವರ ಪೂರ್ವಿಕರ ಮನೆಯಾದ ಐನ್‌ಮನೆಯ ನಡುಮನೆಯಲ್ಲಿ, ಅಂದರೆ ನೆಲ್ಲಕ್ಕಿ ನಡುಬಾಡೆಯಲ್ಲಿ, ತೂಗುವ ದೀಪ ತೂಕ್ ಬೊಳಕನ್ನು ನೋಡಿ. ಸುತ್ತ ಕೆತ್ತನೆಯ ಮರ, ಮೇಲೆ ಮರದ ಮುಚ್ಚಿಗೆ. ಆದರೆ ದೀಪ ಲೋಹದ್ದು, ಅದನ್ನು ಹಿಡಿದ ಸರಪಳಿಯೂ ಲೋಹದ್ದು. ಮರಕ್ಕೂ ಉರಿಗೂ ನೇರ ಸಂಬಂಧವೇ ಇಲ್ಲ. ಈಗ ನಾವು ಕಾಫಿ ಬೊಡ್ಡೆಯಲ್ಲಿ ಒಂದು ತೂತು ಕೊರೆದು, ಅದರಲ್ಲಿ ಮೇಣದಬತ್ತಿ ನೆಟ್ಟು, ಮೇಲೆ ಮಿರಿಮಿರಿ ಲ್ಯಾಕರ್ ಹೊಡೆದು ಮಾರುತ್ತಿದ್ದೇವೆ.

ಮೇಣದಬತ್ತಿ ಉರಿಯುವುದು ಹೇಗೆ ಎಂಬುದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಉರಿಯುವುದು ಗಟ್ಟಿ ಮೇಣವಲ್ಲ. ಮೇಣ ಕರಗುತ್ತದೆ, ನೂಲಿನ ಬತ್ತಿ ಅದನ್ನು ಮೇಲಕ್ಕೆ ಹೀರುತ್ತದೆ, ತುದಿಯಲ್ಲಿ ಅದು ಆವಿಯಾಗುತ್ತದೆ, ಆ ಆವಿ ಉರಿಯುತ್ತದೆ. ಪೇಟೆಯ ಪ್ಯಾರಾಫಿನ್ ಮೇಣ ಹೆಚ್ಚಾಗಿ 50ರಿಂದ 65 ಡಿಗ್ರಿಯೊಳಗೆ ಕರಗುತ್ತದೆ, ಜೇನುಮೇಣ 62ರಿಂದ 64 ಡಿಗ್ರಿಗೆ. ಜ್ವಾಲೆಯ ಅತಿ ಬಿಸಿ ಭಾಗ ಸುಮಾರು 1400 ಡಿಗ್ರಿ. ಮರ 200 ಡಿಗ್ರಿ ದಾಟಿದ ಮೇಲೆ ಕಂದಿ ಇದ್ದಿಲಾಗತೊಡಗುತ್ತದೆ, 300ರ ಆಸುಪಾಸಿನಲ್ಲಿ ಉರಿ ಸೋಕಿದರೆ ಹೊತ್ತಿಕೊಳ್ಳುತ್ತದೆ.

ಈಗ ಆ ನೂಲಿನ ಬತ್ತಿಯ ಜಾಗದಲ್ಲಿ ಮರವನ್ನು ಇಟ್ಟು ನೋಡಿ. ಮರದ ಉದ್ದಕ್ಕೂ ಸೂಕ್ಷ್ಮ ನಳಿಗೆಗಳಿವೆ. ಮರ ಬದುಕಿದ್ದಾಗ ನೀರು ಏರಿದ್ದು ಅವುಗಳಲ್ಲೇ. ಅಡ್ಡ ಕೊಯ್ದ ಮುಖದಲ್ಲಿ ಆ ನಳಿಗೆಗಳ ಬಾಯಿ ತೆರೆದಿರುತ್ತದೆ. ಕಂಬದಂತೆ ನಿಲ್ಲಿಸಿದ ಸ್ಟ್ಯಾಂಡಿನ ಮೇಲ್ತುದಿ ಅಂಥದ್ದೇ ಮುಖ, ಅಲ್ಲಿ ಕೊರೆದ ಕುಳಿಯ ತಳವೂ ಅಂಥದ್ದೇ. ಸೋರಿದ ಮೇಣವನ್ನು ಆ ಮುಖ ಕುಡಿಯುತ್ತದೆ. ಹತ್ತು ಸಲ ಉರಿಸುವುದರೊಳಗೆ ಮೇಲಿನ ಒಂದೆರಡು ಸೆಂಟಿಮೀಟರ್ ಮರ ಮೇಣ ಕುಡಿದು ತಾನೇ ಒಂದು ದಪ್ಪ ಬತ್ತಿಯಾಗಿರುತ್ತದೆ. ಹನ್ನೊಂದನೆಯ ಸಲ ಮೇಣದಬತ್ತಿ ಪೂರ್ತಿ ಉರಿದು ಜ್ವಾಲೆ ಕುಳಿಯ ಅಂಚಿಗೆ ಇಳಿದಾಗ ಆ ಬತ್ತಿ ಹತ್ತಿಕೊಳ್ಳುತ್ತದೆ. ಹೊಸ ಸ್ಟ್ಯಾಂಡು ಮೊದಲ ದಿನ ಸುಡುವುದು ಅಪರೂಪ. ಹಳೆಯದಾದ ಮೇಲೆ ಸುಡುತ್ತದೆ, ಅಷ್ಟರಲ್ಲಿ ಎಲ್ಲರಿಗೂ ಅದರ ಮೇಲೆ ನಂಬಿಕೆ ಬಂದಿರುತ್ತದೆ.

ಬಟ್ಟಲು ಮತ್ತು ಕುಳಿ

ಟೀ ಲೈಟಿನಿಂದ, ಅಂದರೆ ತನ್ನದೇ ಬಟ್ಟಲಿನಲ್ಲಿ ಬರುವ ಗಿಡ್ಡ ಮೇಣದಬತ್ತಿಯಿಂದ ಶುರು ಮಾಡೋಣ, ಇಲ್ಲಿ ಹೆಚ್ಚು ಮಾರಾಟವಾಗುವುದು ಅದೇ. ಅದರ ಅಲ್ಯೂಮಿನಿಯಂ ಬಟ್ಟಲು ಸುಮಾರು 38ರಿಂದ 39 ಮಿ.ಮೀ. ಅಗಲ. ಕಪಾಟಿನ ಬಾಗಿಲಿನ ಹಿಂಜಿಗೆ ಬಳಸುವ 35 ಮಿ.ಮೀ. ಬಿಟ್ ಎಲ್ಲ ಬಡಗಿಗಳ ಪೆಟ್ಟಿಗೆಯಲ್ಲೂ ಇರುತ್ತದೆ. ಅದರಲ್ಲೇ ಕೊರೆದು, ಅಂಚನ್ನು ಉಳಿಯಲ್ಲಿ ಕೆತ್ತಿ ಹಿಗ್ಗಿಸಿ, ಟೀ ಲೈಟನ್ನು ಒತ್ತಿ ಕೂರಿಸುವವರಿದ್ದಾರೆ. ಬಟ್ಟಲು ಸೊಟ್ಟಗಾಗುತ್ತದೆ, ಮೇಣ ಒಂದು ಕಡೆಯಿಂದ ಚೆಲ್ಲುತ್ತದೆ, ಖಾಲಿಯಾದ ಮೇಲೆ ಕೀಳಲು ಚಾಕು ಬೇಕಾಗುತ್ತದೆ. ಹಾಗೆ ಮಾಡಬೇಡಿ.

ಒಂದು ಮಿ.ಮೀ. ದಪ್ಪದ ಹಿತ್ತಾಳೆ ಇಲ್ಲವೇ ಉಕ್ಕಿನ ಬಟ್ಟಲು ಮಾಡಿಸಿ: ಒಳಗೆ 40 ಮಿ.ಮೀ., ಹೊರಗೆ 42. ಮರದ ಕುಳಿ 44 ಮಿ.ಮೀ. ಇರಲಿ. ಸುತ್ತಲೂ ಒಂದು ಮಿ.ಮೀ. ಗಾಳಿ ಉಳಿಯಬೇಕು. ಆ ಸಂದು ಎರಡು ಕೆಲಸ ಮಾಡುತ್ತದೆ. ಬಿಸಿ ಮರಕ್ಕೆ ನೇರವಾಗಿ ದಾಟುವುದಿಲ್ಲ ಎಂಬುದು ಒಂದು. ಇನ್ನೊಂದು ನಮ್ಮ ಹವೆಗೆ ಸಂಬಂಧಿಸಿದ್ದು, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮಳೆಗಾಲದಲ್ಲಿ ಗಾಳಿಯ ತೇವ ಶೇ. 90ರ ಆಸುಪಾಸಿನಲ್ಲೇ ನಿಂತರೆ, ಚೆನ್ನಾಗಿ ಒಣಗಿದ ಮರವೂ ನೀರು ಹೀರಿ ಶೇ. 20ರ ಹತ್ತಿರ ಹೋಗುತ್ತದೆ. ಬೇಸಿಗೆಯ ಒಣಗಾಳಿಯಲ್ಲಿ ಅದೇ ಮರ ಶೇ. 12ಕ್ಕೋ ಅದಕ್ಕೂ ಕೆಳಗೋ ಇಳಿಯುತ್ತದೆ. ವ್ಯತ್ಯಾಸ ಎಂಟು ಅಂಶ. ಮರ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವುದು ಹೆಚ್ಚು, ತಿರುಳಿನಿಂದ ತೊಗಟೆಯ ಕಡೆಗೆ ಅದರ ಅರ್ಧದಷ್ಟು, ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ತೇವ ಒಂದು ಅಂಶ ಇಳಿದರೆ ಉಂಗುರದ ಗುಂಟ ಸುಮಾರು ಶೇ. 0.25 ಎಂದು ಹಿಡಿಯಿರಿ. ಎಂಟು ಅಂಶಕ್ಕೆ ಶೇ. 2. ಹಲಗೆಯ ಮುಖದಲ್ಲಿ ಜುಲೈನಲ್ಲಿ ಕೊರೆದ 40 ಮಿ.ಮೀ. ಕುಳಿ ಮಾರ್ಚ್‌ನಲ್ಲಿ ಒಂದು ದಿಕ್ಕಿಗೆ 39.2 ಆಗಿರುತ್ತದೆ, ಇನ್ನೊಂದು ದಿಕ್ಕಿಗೆ ಹೆಚ್ಚುಕಡಿಮೆ 40 ಆಗಿಯೇ ಉಳಿದು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಒಳಗೆ ಬಿಗಿಯಾಗಿ ಕೂರಿಸಿದ ಹಿತ್ತಾಳೆ ಬಟ್ಟಲು ಕುಗ್ಗುವುದಿಲ್ಲ, ಹಾಗಾಗಿ ಮರವೇ ಸೀಳಬೇಕು. ಮಳೆ ಹೆಚ್ಚಿರುವ ಭಾಗಮಂಡಲದಲ್ಲಿ ಮಾಡಿದ ಮಾಲು ಮಳೆ ಕಡಿಮೆಯಿರುವ ಕುಶಾಲನಗರಕ್ಕೆ ಇಳಿದರೂ ಈ ವ್ಯತ್ಯಾಸ ಕಾಣುತ್ತದೆ, ಬೆಂಗಳೂರಿನ ಎ.ಸಿ. ಕೋಣೆಗೆ ಹೋದರಂತೂ ಕೇಳುವುದೇ ಬೇಡ. ಸೀಳು ಬಂದ ಮರದಲ್ಲಿ ಮೇಣ ಎಲ್ಲಿಯವರೆಗೆ ಇಳಿದಿದೆ ಎಂದು ಹೊರಗಿನಿಂದ ಹೇಳಲಾಗುವುದಿಲ್ಲ.

ಕುಳಿಯ ಆಳದ ವಿಷಯದಲ್ಲಿ ಚಂದಕ್ಕೂ ಕ್ಷೇಮಕ್ಕೂ ಜಗಳ. ಮೇಣದಬತ್ತಿ ಮರದೊಳಗೆ ಅಡಗಿ, ಬೆಳಕು ಮಾತ್ರ ಹೊರಗೆ ಬರಬೇಕೆಂದು 30 ಮಿ.ಮೀ. ಆಳ ಕೊರೆಯುತ್ತಾರೆ. ಆಗ ಜ್ವಾಲೆಯ ಸುತ್ತ ಮರದ ಗೋಡೆ. ಗಾಳಿಯಾಡದೆ ಬಿಸಿ ಅಲ್ಲೇ ನಿಲ್ಲುತ್ತದೆ, ಮೇಣವೆಲ್ಲ ಅತಿಯಾಗಿ ಕಾಯುತ್ತದೆ. ಬಟ್ಟಲಿನ ಬಾಯಿ ಮರದ ಮಟ್ಟಕ್ಕಿಂತ ಎರಡು ಮೂರು ಮಿ.ಮೀ. ಮೇಲಿರುವಂತೆ ಕೊರೆಯಿರಿ. ಅಡಗಿಸಲೇಬೇಕು ಎಂದರೆ ಮರದ ಬಾಯಿ 80 ಮಿ.ಮೀ. ಅಗಲವಾದರೂ ಇರಲಿ. ಬಟ್ಟಲಿನ ಕೆಳಗೆ ಎರಡು ಮಿ.ಮೀ. ದಪ್ಪದ ಉಕ್ಕಿನ ವಾಷರ್ ಒಂದನ್ನು ಹಾಕಿ, ತಳ ಮರಕ್ಕೆ ತಾಗದಂತೆ ನಿಲ್ಲಲಿ. ಟೀ ಲೈಟು ಕೊನೆಯ ಹಂತಕ್ಕೆ ಬಂದಾಗ ಅದರ ತಳವೇ ಹೆಚ್ಚು ಕಾಯುವುದು. ಉದ್ದನೆಯ ಹಲಗೆಯಲ್ಲಿ ಸಾಲಾಗಿ ಐದಾರು ಕುಳಿ ಕೊರೆಯುವುದಾದರೆ ಮಧ್ಯದಿಂದ ಮಧ್ಯಕ್ಕೆ 10 ಸೆಂ.ಮೀ. ಬಿಡಿ. ಹತ್ತಿರ ಹತ್ತಿರ ಇಟ್ಟರೆ ಒಂದರ ಬಿಸಿ ಇನ್ನೊಂದರ ಮೇಣವನ್ನು ಕಾಯಿಸಿ, ಇಡೀ ಬಟ್ಟಲಿನ ಮೇಣವೇ ಆವಿಯೆದ್ದು ಉರಿಯಬಹುದು. ಅದಕ್ಕೆ ನೀರು ಹೊಯ್ದರೆ ಒಗ್ಗರಣೆ ಎಣ್ಣೆಗೆ ನೀರು ಬಿದ್ದಂತೆ ಸಿಡಿಯುತ್ತದೆ. ಲೋಹದ ಮುಚ್ಚಳ ಮುಚ್ಚಬೇಕು, ಅಷ್ಟೇ.

ಉದ್ದನೆಯ ಮೇಣದಬತ್ತಿಯ ಸ್ಟ್ಯಾಂಡಿಗೆ ಒಂದೇ ಅಳತೆ ಹೇಳಲಾಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಕರೆಂಟ್ ಹೋದಾಗಿನ ಮೇಣದಬತ್ತಿ ತೆಳ್ಳಗೆ, ಹೊರದೇಶದ ಅಳತೆಯ ಊಟದ ಮೇಜಿನ ಮೇಣದಬತ್ತಿ ಸುಮಾರು 22 ಮಿ.ಮೀ. ನಿಮ್ಮ ಗಿರಾಕಿ ಯಾವುದನ್ನು ಉರಿಸುತ್ತಾರೋ ಅದನ್ನು ತಂದು ಅಳೆಯಿರಿ. ಲೋಹದ ಕೊಳವೆ ಮರದ ಮೇಲೆ ಕನಿಷ್ಠ 10 ಮಿ.ಮೀ. ಎದ್ದು ನಿಲ್ಲಬೇಕು, ಅದರ ಬುಡದಲ್ಲಿ 60ರಿಂದ 70 ಮಿ.ಮೀ. ಅಗಲದ ತಟ್ಟೆ ಇರಬೇಕು, ತಟ್ಟೆಯ ಅಂಚು ಮೇಲಕ್ಕೆ ಮಡಚಿರಬೇಕು. ಸೀಸದ ಬೆಸುಗೆ ಹಾಕಿದ ತಗಡಿನ ಕೊಳವೆ ಬೇಡ. ಸಾಮಾನ್ಯ ಸೀಸ-ತವರದ ಬೆಸುಗೆ 183 ಡಿಗ್ರಿಗೇ ಕರಗತೊಡಗುತ್ತದೆ. ಮೇಣದಬತ್ತಿ ಮುಗಿಯುತ್ತ ಜ್ವಾಲೆ ಕೊಳವೆಯೊಳಗೆ ಇಳಿದರೆ ಕೀಲು ಬಿಚ್ಚುತ್ತದೆ. ಹಿತ್ತಾಳೆ ಬೆಸುಗೆ ಹಾಕಿಸಿ, ಇಲ್ಲವೇ ಕಡೆದು ಮಾಡಿದ ಕೊಳವೆ ತನ್ನಿ.

ಇದನ್ನು ಮರಕ್ಕೆ ಹಿಡಿಸಲು ಬಿಳಿ ಅಂಟು ಬಳಸಬೇಡಿ. ಅದು 60–70 ಡಿಗ್ರಿಗೆ ಮೆತ್ತಗಾಗತೊಡಗುತ್ತದೆ. ಎರಡು ಟ್ಯೂಬಿನ ಎಪಾಕ್ಸಿಯೂ ಕೋಣೆಯ ಬಿಸಿಯಲ್ಲಿ ಗಟ್ಟಿಯಾದದ್ದಾದರೆ ಹೆಚ್ಚುಕಡಿಮೆ ಅಷ್ಟಕ್ಕೇ ಸಡಿಲ. ಕೊಳವೆಯ ತಳದಲ್ಲಿ ಒಂದು ತೂತು ಮಾಡಿ, ಕೆಳಕ್ಕೆ ಒಂದೇ ಒಂದು ಹಿತ್ತಾಳೆ ಸ್ಕ್ರೂ ಹಾಕಿ. ಮರ ಹಿಗ್ಗಿ ಕುಗ್ಗಿದರೂ ಅದಕ್ಕೆ ತೊಂದರೆಯಿಲ್ಲ, ಹತ್ತು ವರ್ಷದ ಮೇಲೆ ಬಿಚ್ಚಿ ಬದಲಿಸಲೂಬಹುದು.

ಉರುಳದಂತೆ ನಿಲ್ಲುವುದೂ ಇಷ್ಟೇ ಮುಖ್ಯ. ಮೇಣದಬತ್ತಿಗಳಿಗೆ ಹೊರದೇಶದ ಮಾನಕಗಳು ಹೇಳುವ ಪರೀಕ್ಷೆ 10 ಡಿಗ್ರಿ ಇಳಿಜಾರಿನಲ್ಲಿ ಉರುಳಬಾರದು ಎಂಬುದು. ಮನೆಯಲ್ಲಿ ಮಾಡುವುದು ಸುಲಭ. ಎರಡು ಅಡಿ ಹಲಗೆಯ ಒಂದು ತುದಿಗೆ ನಾಲ್ಕೂಕಾಲು ಇಂಚು ಒತ್ತು ಕೊಡಿ, ಹೊಸ ಮೇಣದಬತ್ತಿ ಸಿಕ್ಕಿಸಿದ ಸ್ಟ್ಯಾಂಡನ್ನು ಅದರ ಮೇಲೆ ನಾಲ್ಕೂ ದಿಕ್ಕಿಗೆ ತಿರುಗಿಸಿ ನಿಲ್ಲಿಸಿ. ಜಾರದಿರಲಿ ಎಂದು ಬುಡಕ್ಕೆ ಅಡ್ಡಪಟ್ಟಿ ಹೊಡೆದುಕೊಳ್ಳಿ. ಬುಡದ ಅಗಲ ಮೇಣದಬತ್ತಿಯೂ ಸೇರಿದ ಒಟ್ಟು ಎತ್ತರದ ಮೂರನೇ ಒಂದರಷ್ಟಿದ್ದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಹಗುರ ಮರವಾದರೆ ಬುಡದಲ್ಲಿ ಕುಳಿ ತೋಡಿ ಕಬ್ಬಿಣದ ತುಂಡು ಕೂರಿಸಿ.

ಮರ

ತೋಟ ಇರುವವರಿಗೆ ಕಾಫಿ ಮರ, ಸಿಲ್ವರ್ ಓಕ್ ಕೈಯಳತೆಯಲ್ಲೇ ಇವೆ. ಕಾಫಿ ಮರ ಗಟ್ಟಿ, ನಯವಾದ ಎಳೆ, ಲೇತಿನಲ್ಲಿ ಬೆಣ್ಣೆಯಂತೆ ಕಡೆಯಲು ಬರುತ್ತದೆ. ತೊಂದರೆ ಅದರ ತಿರುಳು. ಬೊಡ್ಡೆ ಸಣ್ಣದಾದ್ದರಿಂದ ತಿರುಳನ್ನು ಬಿಟ್ಟು ಕೊಯ್ಯಲಾಗುವುದಿಲ್ಲ, ತಿರುಳು ಇದ್ದ ಕಡೆ ಸೀಳು ಬರುತ್ತದೆ. ಕಡಿದ ದಿನವೇ ಎರಡೂ ತುದಿಗೆ ದಪ್ಪಗೆ ಬಣ್ಣವನ್ನೋ ಕರಗಿಸಿದ ಮೇಣವನ್ನೋ ಬಳಿದು ನೆರಳಿನಲ್ಲಿಡಿ. ಇಂಚು ದಪ್ಪಕ್ಕೆ ಒಂದು ವರ್ಷ ಎಂಬ ಹಳೆಯ ಲೆಕ್ಕ ಈಗಲೂ ಸರಿ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬೇಗ ಒಣಗುತ್ತದೆ, ಬೇಗ ಸೀಳುತ್ತದೆ ಕೂಡ. ಒಣಗಿತೋ ಇಲ್ಲವೋ ನೋಡಲು ಯಂತ್ರ ಬೇಕಾಗಿಲ್ಲ: ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ, ಬೇಸಿಗೆಯಲ್ಲಿ ಮೂರು ವಾರ ತೂಕ ಬದಲಾಗದಿದ್ದರೆ ಒಣಗಿದೆ.

ಅರೇಬಿಕಾ ಬೊಡ್ಡೆಯಲ್ಲಿ ಬಿಳಿ ಕಾಂಡಕೊರಕ ಹುಳುವಿನ ಸುರಂಗಗಳು ಇರುವುದು ಸಾಮಾನ್ಯ. ನೋಡಲು ಚಂದ, ಆದರೆ ಆ ಸುರಂಗ ಮೇಣದ ಕುಳಿಗೆ ತೆರೆದುಕೊಂಡಿದ್ದರೆ ಮೇಣ ಅದರಲ್ಲಿ ಹರಿದು ಬುಡದವರೆಗೂ ಹೋಗುತ್ತದೆ. ಅಂಥ ತುಂಡನ್ನು ಹೂದಾನಿ ಮಾಡಿ. ಸಿಲ್ವರ್ ಓಕಿನ ಪುಡಿ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಉಜ್ಜುವಾಗ ತೋಳು ಮುಚ್ಚಿಕೊಳ್ಳಿ. ತೇಗದಲ್ಲಿ ತನ್ನದೇ ಎಣ್ಣೆ ಇರುವುದರಿಂದ ವಾರ್ನಿಶ್ ಹಿಡಿಯುವುದು ಕಷ್ಟ. ಪಾಲಿಶಿಗೆ ಸ್ವಲ್ಪ ಮುಂಚೆ ಥಿನ್ನರ್ ಬಟ್ಟೆಯಲ್ಲಿ ಒರೆಸಿ.

ಪಾಲಿಶ್

ಅರಗಿನಿಂದ ಶುರು ಮಾಡುತ್ತೇನೆ. ಚನ್ನಪಟ್ಟಣದ ಆಟಿಕೆಗೆ ಬಣ್ಣ ಹತ್ತುವುದು ಹೇಗೆ? ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೆ ಅರಗು ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಬಿಸಿಗೆ ಮೆತ್ತಗಾಗುವುದೇ ಅದರ ಗುಣ. ಸುಮಾರು 70–80 ಡಿಗ್ರಿಗೆ ಅದು ಮತ್ತೆ ಮೆತ್ತಗಾಗುತ್ತದೆ. ಹಾಗಾಗಿ ಕಾಂಡಕ್ಕೂ ಬುಡಕ್ಕೂ ಅರಗು ಧಾರಾಳವಾಗಿ ಬಳಸಿ, ಬಟ್ಟಲಿನ ಸುತ್ತಲಿನ ಮೂರು ಸೆಂಟಿಮೀಟರ್ ಬಿಟ್ಟುಬಿಡಿ. ಸ್ಪಿರಿಟ್ ಪಾಲಿಶ್ ಮಾಡುವವರಿಗೆ ಅಳತೆ: 100 ಮಿ.ಲೀ. ಸ್ಪಿರಿಟಿಗೆ 12 ಗ್ರಾಂ ಒಣ ಅರಗಿನ ಚೂರು, ರಾತ್ರಿ ನೆನೆಸಿ ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ. ಮಳೆಗಾಲದಲ್ಲಿ ಹೊಡೆದರೆ ಸ್ಪಿರಿಟ್ ಆರುವಾಗಿನ ತಂಪಿಗೆ ಗಾಳಿಯ ನೀರು ಪದರದ ಮೇಲೆ ಕೂತು ಬಿಳಿ ಮಂಜು ಕವಿಯುತ್ತದೆ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಯಾವ ಪಾಲಿಶೂ ಬೇಡ, ಆ ತಿಂಗಳು ಕಡೆಯುವ ಕೆಲಸ ಮುಗಿಸಿಕೊಳ್ಳಿ. ನವೆಂಬರ್–ಡಿಸೆಂಬರಿನ ಪುತ್ತರಿ ಹಬ್ಬ ಕಳೆದ ಮೇಲೆ ಪಾಲಿಶ್ ಹಾಕಿ.

ಎನ್‌ಸಿ ಸೀಲರ್, ಎನ್‌ಸಿ ಲ್ಯಾಕರ್ ಇಲ್ಲಿನ ಬಡಗಿಗಳ ಕೈಗೆ ಒಗ್ಗಿದ ಮಾಲು. ಹತ್ತು ನಿಮಿಷದಲ್ಲಿ ಒಣಗುತ್ತದೆ, ಹೊಳಪು ಚೆನ್ನ. ಎನ್‌ಸಿ ಎಂದರೆ ನೈಟ್ರೋಸೆಲ್ಯುಲೋಸ್, ಒಣಗಿದ ಪದರವೂ ಬಹಳ ಬೇಗ ಹೊತ್ತಿಕೊಳ್ಳುವ ವಸ್ತು. ಕುರ್ಚಿ ಮೇಜಿಗೆ ಇರಲಿ. ಉರಿ ಇರುವ ಯಾವ ವಸ್ತುವಿಗೂ ಅದು ಬೇಡ, ಒಂದು ಕೋಟ್ ಸೀಲರ್ ಆಗಿಯೂ ಬೇಡ.

ಜೇನುಮೇಣದ ಪಾಲಿಶ್ ಎಂದರೆ ಸಹಜ, ಶುದ್ಧ ಎಂದು ಗಿರಾಕಿಗಳು ಕೇಳಿ ಪಡೆಯುತ್ತಾರೆ. ನಾವು ಮೇಣ ಒಳಗೆ ಹೋಗದಂತೆ ತಡೆಯಲು ಹೊರಟವರು, ಮೊದಲೇ ನಾವೇ ಕುಡಿಸಿ ಕಳುಹಿಸುವುದು ಯಾಕೆ? ಬುಡಕ್ಕೆ ಬೇಕಾದರೆ ತೆಳ್ಳಗೆ ಉಜ್ಜಿ.

ಅಗಸೆ ಎಣ್ಣೆ ಕಾಫಿ ಮರಕ್ಕೆ ತುಂಬ ಚಂದ ಕೂರುತ್ತದೆ, ಎಳೆ ಎದ್ದು ಕಾಣುತ್ತದೆ. ಆದರೆ ಅದು ಮರದೊಳಗೆ ಇಳಿಯುವ ಜಾತಿ, ಮೇಲೆ ಗಟ್ಟಿ ಪದರ ಕಟ್ಟುವುದಿಲ್ಲ, ಬಿಸಿ ಮೇಣವನ್ನು ತಡೆಯಲು ಅದೊಂದೇ ಸಾಲದು. ತೆಳ್ಳಗೆ ಬಳಿದು 15–20 ನಿಮಿಷ ಬಿಟ್ಟು ಉಳಿದದ್ದನ್ನು ಪೂರ್ತಿ ಒರೆಸಿ ತೆಗೆಯಿರಿ, ದಿನ ಬಿಟ್ಟು ದಿನ ಮೂರು ಸಲ. ಒರೆಸದೆ ಬಿಟ್ಟರೆ ಮೇಲೆ ಅಂಟಂಟು ಸಿಪ್ಪೆ ಕಟ್ಟುತ್ತದೆ, ವರ್ಷವಾದರೂ ಒಣಗುವುದಿಲ್ಲ. ತೆಂಗಿನೆಣ್ಣೆ ಒಣಗುವ ಎಣ್ಣೆಯೇ ಅಲ್ಲ, ಅದನ್ನು ಬಳಿದ ಮರ ಎಣ್ಣೆ ಕುಡಿದ ಮರವಾಗಿಯೇ ಉಳಿಯುತ್ತದೆ.

ಹಾಗಾದರೆ ಯಾವುದು? ಮೇಲ್ಮುಖಕ್ಕೂ ಕುಳಿಯ ಒಳಗೂ ಪಿಯು, ನೀರಿನದಾದರೂ ಸರಿ, ಎಣ್ಣೆಯದಾದರೂ ಸರಿ. ಅದು ಉರಿಯುವುದಿಲ್ಲ ಎಂದಲ್ಲ. 60–70 ಡಿಗ್ರಿಗೆ ಮೆತ್ತಗಾಗುವುದಿಲ್ಲ, ಮೇಣವನ್ನು ಒಳಗೆ ಬಿಡುವುದಿಲ್ಲ, ಚೆಲ್ಲಿದ ಮೇಣ ಉಗುರಿನಿಂದ ಎದ್ದು ಬರುತ್ತದೆ. 120, 180, 220 ನಂಬರಿನ ಉಪ್ಪುಕಾಗದದಲ್ಲಿ ಕ್ರಮವಾಗಿ ಉಜ್ಜಿ. ಅಡ್ಡ ಕೊಯ್ದ ಮುಖವನ್ನು ಮಾತ್ರ 320ರವರೆಗೆ ಒಯ್ಯಿರಿ, ನಳಿಗೆಯ ಬಾಯಿ ಅಷ್ಟು ಮುಚ್ಚಿಕೊಂಡರೆ ಕಡಿಮೆ ಕುಡಿಯುತ್ತದೆ. ಮೊದಲ ಕೋಟನ್ನು ತೆಳ್ಳಗೆ ಮಾಡಿ ಹಾಕಿ. ಅಡ್ಡ ಮುಖ ಅದನ್ನು ಕ್ಷಣದಲ್ಲಿ ಹೀರಿ ಮಂಕಾಗುತ್ತದೆ, ಅಲ್ಲಿಗೆ ಮಾತ್ರ ತಕ್ಷಣ ಮತ್ತೊಂದು ಸಲ ಕೊಡಿ. ಒಣಗಿದ ಮೇಲೆ ಎದ್ದ ನಾರನ್ನು 320ರಲ್ಲಿ ಹಗುರವಾಗಿ ಸವರಿ, ಮತ್ತೆರಡು ಕೋಟ್. ಎಣ್ಣೆಯ ಪಿಯು ಆದರೆ ಕೋಟಿಗೂ ಕೋಟಿಗೂ 24 ಗಂಟೆ. ಕುಳಿಯ ತಳದಲ್ಲಿ ಪಾಲಿಶ್ ಕೊಳದಂತೆ ನಿಲ್ಲದಿರಲಿ, ಬಟ್ಟೆಯ ತುದಿಯಿಂದ ಹೀರಿ ತೆಗೆಯಿರಿ. ದಪ್ಪಗೆ ನಿಂತ ಕಡೆ ಮೇಲೆ ಒಣಗಿ ಒಳಗೆ ಹಸಿಯಾಗಿಯೇ ಇರುತ್ತದೆ.

ಕೈಗೆ ಅಂಟದಿದ್ದರೆ ಒಣಗಿತು ಎಂದು ಲೆಕ್ಕವಲ್ಲ. ಪಿಯುಗೆ ಒಂದು ವಾರ, ಅಗಸೆ ಎಣ್ಣೆಗೆ ನಾಲ್ಕು ವಾರ ಬಿಟ್ಟು ಮೇಣದಬತ್ತಿ ಹಚ್ಚಿ. ಸ್ಟ್ಯಾಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಬಾಯಿ ಬಿಚ್ಚಿ ಮೂಸಿ. ಥಿನ್ನರ್ ವಾಸನೆ ಬಂದರೆ ಇನ್ನೂ ಹಸಿ.

ಬೆಂಕಿ ತಡೆಯುವ ಬಣ್ಣ ಎಂದು ಒಂದು ಬಗೆ ಇದೆ, ಬಿಸಿ ತಾಗಿದರೆ ನೊರೆಯಂತೆ ಉಬ್ಬಿ ಇದ್ದಿಲಿನ ದಪ್ಪ ಹೊದಿಕೆ ಕಟ್ಟುತ್ತದೆ. ಕಟ್ಟಡಕ್ಕೆ ಬೆಂಕಿ ಬಿದ್ದಾಗ ಜನ ಹೊರಗೆ ಓಡಲು ಸಮಯ ಸಿಗಲಿ ಎಂದು ಮಾಡಿದ್ದು ಅದು. ಒಮ್ಮೆ ಉಬ್ಬಿದರೆ ಮುಗಿಯಿತು, ದಿನಾ ಹಚ್ಚುವ ದೀಪಕ್ಕೆ ಅದರಿಂದ ಉಪಯೋಗವಿಲ್ಲ. ಬೋರಾಕ್ಸ್ ನೀರಿನಲ್ಲಿ ನೆನೆಸುವುದು ಹುಳುವಿಗೆ ಒಳ್ಳೆಯದು. ಬೆಂಕಿಗೂ ಸ್ವಲ್ಪ ತಡೆ ಕೊಡುತ್ತದೆ, ಆದರೆ ಉಪ್ಪು ನೀರಿಗೆ ಕರಗುವಂಥದ್ದು. ನಮ್ಮ ಮಳೆಗಾಲದಲ್ಲಿ ಮೇಲೆ ಬಿಳಿ ಪುಡಿಯಾಗಿ ಏಳುತ್ತದೆ, ಪಾಲಿಶನ್ನು ಎಬ್ಬಿಸುತ್ತದೆ.

ಒರೆಸಿದ ಬಟ್ಟೆ

ಸ್ಟ್ಯಾಂಡಿಗಿಂತ ಮೊದಲು ಬೆಂಕಿ ಬೀಳುವ ಜಾಗ ಕೆಲಸದ ಕೊಟ್ಟಿಗೆ. ಅಗಸೆ ಎಣ್ಣೆ ನೀರಿನಂತೆ ಆರಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಹಾಗೆ ಗಟ್ಟಿಯಾಗುವಾಗ ಬಿಸಿ ಬಿಡುತ್ತದೆ. ಮರದ ಮೇಲೆ ತೆಳ್ಳಗೆ ಹರಡಿದ್ದಾಗ ಆ ಬಿಸಿ ಗಾಳಿಗೆ ಹೋಗುತ್ತದೆ, ಗೊತ್ತೇ ಆಗುವುದಿಲ್ಲ. ಅದೇ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ, ಒಳಗಿನ ಬಿಸಿ ಹೊರಗೆ ಬರಲಾಗದೆ ಏರುತ್ತದೆ. ಬಿಸಿಯೇರಿದಷ್ಟೂ ಎಣ್ಣೆ ಇನ್ನಷ್ಟು ಬೇಗ ಗಟ್ಟಿಯಾಗುತ್ತದೆ, ಇನ್ನಷ್ಟು ಬಿಸಿ ಬಿಡುತ್ತದೆ. ಕೆಲವು ಗಂಟೆಗಳಲ್ಲಿ ಕಿಡಿಯಿಲ್ಲದೆ, ಬೆಂಕಿಕಡ್ಡಿಯಿಲ್ಲದೆ ಹೊಗೆಯಾಡಿ ಹೊತ್ತಿಕೊಳ್ಳುತ್ತದೆ. ಸಂಜೆ ಬಾಗಿಲು ಹಾಕಿ ಹೋಗಿರುತ್ತೀರಿ, ಹತ್ತುವುದು ರಾತ್ರಿ. ಪಕ್ಕದಲ್ಲಿ ಗೋಣಿಚೀಲ, ಕಾಫಿ ಹೊಟ್ಟು, ಮರದ ಪುಡಿ ಇದ್ದರೆ ಆಮೇಲೆ ಹೇಳುವುದೇನಿದೆ? ಅಂಗಡಿಯ ‘ಡ್ಯಾನಿಶ್ ಆಯಿಲ್’, ‘ಟೀಕ್ ಆಯಿಲ್’ ಎಂಬ ಡಬ್ಬಗಳಲ್ಲೂ ಹೆಚ್ಚಾಗಿ ಇಂಥದ್ದೇ ಒಣಗುವ ಎಣ್ಣೆ ಇರುತ್ತದೆ. ಎಣ್ಣೆ ಹೀರಿದ ಮರದ ಪುಡಿಯ ಗುಡ್ಡೆಗೂ ಇದೇ ಗುಣ.

ಒರೆಸಿದ ಬಟ್ಟೆಯನ್ನು ಬಿಡಿಸಿ, ಒಂದೊಂದಾಗಿ, ಹೊರಗೆ ತಂತಿಯ ಮೇಲೆ ಹರಡಿ. ಹಪ್ಪಳದಂತೆ ಸೆಟೆದು ಗಟ್ಟಿಯಾದ ಮೇಲೆ ಬಿಸಾಡಬಹುದು. ಮಳೆ ಇದ್ದರೆ ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ನೀರು ತುಂಬಿ ಬಟ್ಟೆಯನ್ನು ಪೂರ್ತಿ ಮುಳುಗಿಸಿಡಿ.

ಸ್ಪಿರಿಟ್, ಥಿನ್ನರ್ ಬಟ್ಟೆ ತಾನಾಗಿ ಕಾಯುವುದಿಲ್ಲ, ಅಲ್ಲಿನ ಅಪಾಯ ಆವಿಯದು. ಸ್ಪಿರಿಟಿನ ಆವಿ 20 ಡಿಗ್ರಿಗಿಂತ ಕಡಿಮೆ ಬಿಸಿಯಲ್ಲೇ ಕಿಡಿಗೆ ಹತ್ತುವಷ್ಟು ಏಳುತ್ತದೆ, ಥಿನ್ನರಿನದು ಅದಕ್ಕೂ ಮೊದಲು. ಹಾಗಾಗಿ ಮಡಿಕೇರಿಯ ಚಳಿ ಇದಕ್ಕೆ ರಕ್ಷಣೆಯಲ್ಲ. ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದು ಬಾಗಿಲ ಸಂದಿನಿಂದ ಪಕ್ಕದ ಕೋಣೆಗೆ ಹೋಗುತ್ತದೆ. ನಮ್ಮಲ್ಲಿ ಪಕ್ಕದ ಕೋಣೆ ಎಂದರೆ ಅನೇಕ ಮನೆಗಳಲ್ಲಿ ಬಚ್ಚಲು, ಅಲ್ಲಿ ಹಂಡೆಯ ಒಲೆಯಲ್ಲಿ ಸದಾ ಕೆಂಡ. ಬಚ್ಚಲಿಗೆ ತಾಗಿದ ಚಾವಡಿಯಲ್ಲಿ ಪಾಲಿಶ್ ಕೆಲಸ ಇಟ್ಟುಕೊಳ್ಳಲೇಬೇಡಿ.

ಮಾರುವ ಮೊದಲು

ಪ್ರತಿ ಹೊಸ ಮಾದರಿಯನ್ನು ನೀವೇ ನಾಲ್ಕು ಗಂಟೆ ಉರಿಸಿ ನೋಡಿ, ಮೇಣದಬತ್ತಿ ಮುಗಿಯುವ ಕೊನೆಯ ಅರ್ಧ ಗಂಟೆ ಎದುರಿಗೇ ಕೂತು. ಬಿಸಿ ಅಳೆಯಲು ಕೊಡಗಿನಲ್ಲಿ ಸುಲಭವಾಗಿ ಸಿಗುವ ಉಪಕರಣ ಜೇನುಮೇಣ. ಬಟ್ಟಲಿನ ಪಕ್ಕದ ಮರದ ಮೇಲೆ ಉಗುರಿನಷ್ಟು ಜೇನುಮೇಣ ಒಂದು ಕಡೆ, ಸಾಮಾನ್ಯ ಮೇಣದಬತ್ತಿಯ ಚೂರು ಇನ್ನೊಂದು ಕಡೆ ಇಡಿ. ಎರಡೂ ಹಾಗೇ ಇದ್ದರೆ ಒಳ್ಳೆಯದು. ಮೇಣದಬತ್ತಿಯ ಚೂರು ಮಾತ್ರ ಕರಗಿದರೆ ಬಟ್ಟಲನ್ನು ಸ್ವಲ್ಪ ಮೇಲೆತ್ತಬೇಕು. ಜೇನುಮೇಣವೂ ಕರಗಿದರೆ ಮರ 62 ಡಿಗ್ರಿ ದಾಟಿದೆ ಎಂದರ್ಥ, ಆ ಮಾದರಿಯನ್ನು ಮಾರಬೇಡಿ. ಗುರಿಯಿಟ್ಟು ಬಿಸಿ ತೋರಿಸುವ ಪಿಸ್ತೂಲಿನಂಥ ಥರ್ಮಾಮೀಟರ್ ಇದ್ದವರು ಮರದ ಮೇಲೆ ಹಿಡಿಯಿರಿ, ಹೊಳೆಯುವ ಹಿತ್ತಾಳೆಯ ಮೇಲೆ ಹಿಡಿದರೆ ಅದು ಇರುವುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ.

ಅಲಂಕಾರದ ಬಗ್ಗೆ ಒಂದು ಮಾತು, ಯಾರೂ ಬೇಸರಿಸಬಾರದು. ಸ್ಟ್ಯಾಂಡಿನ ಬಾಯಿಯ ಸುತ್ತ ಹುರಿದ ಕಾಫಿ ಬೀಜ ಅಂಟಿಸುವುದು ಈಗ ಕೊಡಗಿನ ಗುರುತೇ ಆಗಿಬಿಟ್ಟಿದೆ. ಹುರಿದ ಬೀಜದ ತೂಕದಲ್ಲಿ ಶೇ. 10–15ರಷ್ಟು ಎಣ್ಣೆ ಇರುತ್ತದೆ. ಅಂಟಿಸುವ ಗ್ಲೂ ಗನ್ನಿನ ಅಂಟು ಬಿಸಿಗೆ ಬಿಡುತ್ತದೆ, ಬೀಜ ಕರಗಿದ ಮೇಣಕ್ಕೆ ಬೀಳುತ್ತದೆ, ಅಲ್ಲಿ ಮೇಣ ಹೀರಿ ಎರಡನೆಯ ಬತ್ತಿಯಾಗಿ ಉರಿಯುತ್ತದೆ. ಬೀಜ ಬೇಕಾದರೆ ಬುಡದ ಸುತ್ತ ಅಂಟಿಸಿ. ಒಣಗಿದ ಪಾಚಿ, ಚಕ್ಕೆ, ಏಲಕ್ಕಿಗೂ ಇದೇ ಮಾತು.

ಬುಡದಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನಾಲ್ಕು ಸಾಲು ಬರೆಯಿರಿ: ಲೋಹದ ಬಟ್ಟಲಿಲ್ಲದೆ ಉರಿಸಬೇಡಿ, ಬತ್ತಿಯನ್ನು 6 ಮಿ.ಮೀ.ಗೆ ಕತ್ತರಿಸಿ ಹಚ್ಚಿ. ಉದ್ದನೆಯ ಮೇಣದಬತ್ತಿ 5 ಸೆಂ.ಮೀ. ಉಳಿದಾಗ ಆರಿಸಿ, ಉರಿಯುವಾಗ ಕೋಣೆ ಬಿಟ್ಟು ಹೋಗಬೇಡಿ. ಹೋಂಸ್ಟೇಯವರಿಗೆ: ಮಂಚದ ಪಕ್ಕ, ನೈಲಾನ್ ಸೊಳ್ಳೆಪರದೆಯ ಹತ್ತಿರ ಮೇಣದಬತ್ತಿ ಇಡುವ ಯೋಚನೆಯೇ ಬೇಡ. ಅಲ್ಲಿಗೆ ಚಾರ್ಜ್ ಮಾಡುವ ದೀಪವೇ ಸರಿ, ಚಂದ ಕಡಿಮೆಯಾದರೂ ಪರವಾಗಿಲ್ಲ.

ಸಭಿಕರ ಪ್ರಶ್ನೆಗಳು

ಬಿದಿರಿನಲ್ಲಿ ಮಾಡಬಹುದೇ ಎಂದು ಒಬ್ಬರು ಕೇಳಿದರು. ಗೋಡೆ ತೆಳು, ಬೇಗ ಕರಟುತ್ತದೆ. ಎರಡು ಗೆಣ್ಣಿನ ನಡುವೆ ಗಾಳಿ ಸಿಕ್ಕಿಕೊಂಡಿದ್ದರೆ ಕಾದು ಸಿಡಿಯಬಹುದು. ಗೆಣ್ಣುಗಳಿಗೆ ಒಳಗಿನಿಂದ ತೂತು ಹೊಡೆದು, ಅಗಲವಾದ ಗಾಜಿನ ಲೋಟ ಒಳಗಿಟ್ಟು ಮಾತ್ರ ಬಳಸಿ. ಗಾಜು ಬಿರುಕು ಬಿಟ್ಟ ದಿನ ಬದಲಿಸಿ.

ಮರವನ್ನು ಮೊದಲೇ ಸುಟ್ಟು ಕಪ್ಪು ಮಾಡಿದರೆ ಮತ್ತೆ ಬೆಂಕಿ ಹಿಡಿಯುವುದಿಲ್ಲವಂತಲ್ಲ ಎಂಬುದು ಇನ್ನೊಂದು ಪ್ರಶ್ನೆ. ಹೊರಗೋಡೆಯ ಹಲಗೆಗೆ ಮಾಡುವ ಪದ್ಧತಿ ಅದು. ಮೇಣದಬತ್ತಿಯ ಬಾಯಲ್ಲಿ ಸಡಿಲ ಇದ್ದಿಲು ಇದ್ದರೆ ಅದು ಮೇಣ ಕುಡಿಯುತ್ತದೆ, ಉರಿ ಆರಿಸಿದ ಮೇಲೂ ಕೆಂಡವಾಗಿ ಉಳಿಯಬಹುದು. ಕಾಂಡಕ್ಕೆ ಮಾಡಿ, ಹಿತ್ತಾಳೆ ಬ್ರಷ್‌ನಲ್ಲಿ ಉಜ್ಜಿ ತೆಗೆದು ಮೇಲೆ ಪಿಯು ಕೊಡಿ.

ಕೊನೆಯದಾಗಿ, ಅಂಚು ಈಗಾಗಲೇ ಕಪ್ಪಾಗಿರುವ ಹಳೆಯ ಸ್ಟ್ಯಾಂಡನ್ನು ಉಜ್ಜಿ ಮತ್ತೆ ಪಾಲಿಶ್ ಮಾಡಬಹುದೇ ಎಂದು ಕೇಳಿದ್ದೀರಿ. ಮೇಣ ಕುಡಿದ ಮರಕ್ಕೆ ಯಾವ ಪಾಲಿಶೂ ಹಿಡಿಯುವುದಿಲ್ಲ, ಹಿಡಿದಂತೆ ಕಂಡು ಸಿಪ್ಪೆಯಾಗಿ ಏಳುತ್ತದೆ. ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದಿ, ಮೇಣ ಮೇಲೆ ಬಂದಂತೆ ರದ್ದಿ ಕಾಗದದಲ್ಲಿ ಒತ್ತಿ ತೆಗೆಯಿರಿ. ಗ್ಯಾಸ್ ಟಾರ್ಚ್ ಬೇಡ, ಪೆಟ್ರೋಲ್ ಬೇಡ. ಆಮೇಲೆ ಕುಳಿಯನ್ನು ಸುತ್ತಲೂ ಐದು ಮಿ.ಮೀ. ಹೆಚ್ಚು ಕೊರೆದು ನೋಡಿ. ಹೊಸ ಮರ ಬಿಳುಪಾಗಿ, ಒಣದಾಗಿ ಕಂಡರೆ ದೊಡ್ಡ ಬಟ್ಟಲು ಕೂರಿಸಬಹುದು. ಇನ್ನೂ ಜಿಡ್ಡಾಗಿ ಹೊಳೆಯುತ್ತಿದ್ದರೆ ಮೇಣ ಒಳಗೆ ಇಳಿದಿದೆ, ಅದರಲ್ಲಿ ಪೆನ್ನು ಇಟ್ಟುಕೊಳ್ಳಿ.